ಬಯಲುಸೀಮೆಯ ಬಿಸಿಲಿಗೆ ತಾಳುವ ಡಬ್ಬಿ

ಅಂಗಡಿಗೆ ಕನ್ನ ಬಿದ್ದ ಮರುದಿನ ಬೆಳಿಗ್ಗೆ ಪೊಲೀಸರು ಕೇಳುವ ಮೊದಲ ಮಾತು, ‘ಫುಟೇಜ್ ಇದೆಯಾ?’ ಅದಕ್ಕೆ ನಮ್ಮ ಊರುಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಉತ್ತರ, ‘ಕ್ಯಾಮೆರಾ ಐತೆ ಸಾರ್, ಒಂದು ವಾರದಿಂದ ಬರ್ತಿಲ್ಲ.’ ಕ್ಯಾಮೆರಾ ಕೆಟ್ಟಿದೆ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ಏಣಿ ಹಾಕಿ ಹತ್ತಿ ನೋಡಿದರೆ ಎಷ್ಟೋ ಸಲ ಕ್ಯಾಮೆರಾಕ್ಕೆ ಏನೂ ಆಗಿರುವುದಿಲ್ಲ. ಅದೇ ಕಂಬಕ್ಕೆ ಕಬ್ಬಿಣದ ಪಟ್ಟಿಯಿಂದ ಬಿಗಿದ ಬೂದು ಬಣ್ಣದ ಡಬ್ಬಿಯೊಳಗಿನ ನೆಟ್‌ವರ್ಕ್ ಸ್ವಿಚ್ ಸತ್ತಿರುತ್ತದೆ. ಕ್ಯಾಮೆರಾ ಖರೀದಿಸುವಾಗ ಎಷ್ಟು ಮೆಗಾಪಿಕ್ಸೆಲ್, ರಾತ್ರಿ ಎಷ್ಟು ದೂರ ಕಾಣುತ್ತದೆ ಎಂದು ಹತ್ತು ಪ್ರಶ್ನೆ ಕೇಳುವವರು ಆ ಡಬ್ಬಿಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ.

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಈ ಪ್ರಶ್ನೆ ಕೇಳಲೇಬೇಕು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳ ಸಾಲಿನಲ್ಲಿ ಇವೆರಡೂ ಇವೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಮರ ಕಡಿಮೆ, ಗಾಳಿ ಹೆಚ್ಚು, ಗಾಳಿಯ ಜೊತೆ ಕೆಂಪು ಧೂಳು. ಅಮೃತಮಹಲ್ ಕಾವಲಿನ ಈ ಹುಲ್ಲುಗಾವಲಿನಲ್ಲೇ ಡಿಆರ್‌ಡಿಒ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯ ತಲೆಯೆತ್ತಿದ್ದು, 2023ರ ಏಪ್ರಿಲ್ 2ರಂದು ಇಸ್ರೊದ ಮರುಬಳಕೆ ಉಡಾವಣಾ ವಾಹನ ಹೆಲಿಕಾಪ್ಟರಿನಿಂದ ಬಿಡುಗಡೆಯಾಗಿ ತಾನೇ ದಾರಿ ಹುಡುಕಿಕೊಂಡು ರನ್‌ವೇಯಲ್ಲಿ ಇಳಿದದ್ದು. ಅಂಥ ಸಂಸ್ಥೆಗಳ ಉಪಕರಣಗಳು ಬಿಸಿ, ಧೂಳು, ಕಂಪನದ ಪರೀಕ್ಷೆಗಳನ್ನು ದಾಟಿಯೇ ಬಯಲಿಗೆ ಬರುತ್ತವೆ. ಅದೇ ಬಿಸಿಲಿನಲ್ಲಿ ನಿಂತ ಊರಬಾಗಿಲಿನ ಕ್ಯಾಮೆರಾ ಕಂಬಕ್ಕೆ ಮಾತ್ರ ಎಸಿ ಕೋಣೆಯ ಮೇಜಿನ ಮೇಲೆ ಇಡಲೆಂದು ತಯಾರಾದ ಪ್ಲಾಸ್ಟಿಕ್ ಸ್ವಿಚ್ಚನ್ನು ತಂದು ಹಾಕುತ್ತೇವೆ.

ಕ್ಯಾಮೆರಾಗಳಂತೂ ಬಂದಾಗಿದೆ. ಬಳ್ಳಾರಿಯಿಂದ ಹಿರಿಯೂರಿಗೆ ಹೋಗುವ 150ಎ ಹೆದ್ದಾರಿಯ ಹೋಟೆಲು, ಪೆಟ್ರೋಲ್ ಬಂಕುಗಳಲ್ಲಿ ಇವೆ. ಚಳ್ಳಕೆರೆಯ ಎಣ್ಣೆ ಗಿರಣಿಗಳ ತೂಕದ ಕಟ್ಟೆಯ ಎದುರು, ಎಪಿಎಂಸಿ ಪ್ರಾಂಗಣದಲ್ಲಿ, ಮೊಳಕಾಲ್ಮೂರಿನ ರೇಷ್ಮೆ ಸೀರೆ ಅಂಗಡಿಗಳಲ್ಲಿ ಇವೆ. ಚುನಾವಣೆ ಘೋಷಣೆಯಾಯಿತೆಂದರೆ ರಾಯದುರ್ಗದ ಕಡೆಯ ಆಂಧ್ರ ಗಡಿಯ ಚೆಕ್‌ಪೋಸ್ಟಿಗೂ ಕ್ಯಾಮೆರಾ ಬೇಕಾಗುತ್ತದೆ. ಜನ ಸೇರುವ ಸಂಸ್ಥೆಗಳು ಕ್ಯಾಮೆರಾ ಹಾಕಿಸಿ 30 ದಿನಗಳ ದೃಶ್ಯವನ್ನು ಉಳಿಸಿಟ್ಟುಕೊಳ್ಳಬೇಕು ಎಂದು ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಅಧಿನಿಯಮ, 2017 ಹೇಳುತ್ತದೆ. ಆ 30 ದಿನಗಳಲ್ಲಿ ಎಷ್ಟು ದಿನ ನಿಜವಾಗಿ ಚಿತ್ರ ಬಂದಿತ್ತು ಎಂಬುದನ್ನು ತೀರ್ಮಾನಿಸುವುದು ಕಂಬದ ಡಬ್ಬಿ.

ಸ್ವಿಚ್ ಮಾಡುವ ಕೆಲಸ ಸರಳ. ಪ್ರತಿ ಕ್ಯಾಮೆರಾವೂ ತಾನು ಕಂಡದ್ದನ್ನು ಸಣ್ಣ ಸಣ್ಣ ಕಂತೆಗಳಾಗಿ ಕಟ್ಟಿ, ಮೇಲೊಂದು ವಿಳಾಸ ಬರೆದು ಕಳುಹಿಸುತ್ತದೆ. ಎಪಿಎಂಸಿ ಗೇಟಿನಲ್ಲಿ ಮೂಟೆಯ ಮೇಲಿನ ಗುರುತು ನೋಡಿ ಇದು ಯಾವ ಮಂಡಿಗೆ ಎಂದು ತಿರುಗಿಸುವ ಹಮಾಲಿಯ ಹಾಗೆ, ಸ್ವಿಚ್ ಆ ವಿಳಾಸ ಓದಿ ಕಂತೆಯನ್ನು ಸರಿಯಾದ ತಂತಿಗೆ ದಾಟಿಸುತ್ತದೆ. ನಾಲ್ಕು ಮೆಗಾಪಿಕ್ಸೆಲ್ ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಕಳುಹಿಸುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 43 ಗಿಗಾಬೈಟ್, ತಿಂಗಳಿಗೆ ಸುಮಾರು 1.3 ಟೆರಾಬೈಟ್ ಆಯಿತು. ಎಂಟು ಕ್ಯಾಮೆರಾ ಇದ್ದರೆ ತಿಂಗಳಿಗೆ ಹತ್ತು ಟೆರಾಬೈಟಿಗೂ ಹೆಚ್ಚು ಕಂತೆಗಳು ಆ ಅಂಗೈ ಅಗಲದ ಪೆಟ್ಟಿಗೆಯ ಮೂಲಕವೇ ಹಾದುಹೋಗಬೇಕು. ಕಚೇರಿಯ ಸ್ವಿಚ್ಚಿಗೆ ರಾತ್ರಿ, ಭಾನುವಾರ ಎಂದು ಸ್ವಲ್ಪವಾದರೂ ಬಿಡುವಿದೆ. ಕ್ಯಾಮೆರಾದ ಸ್ವಿಚ್ಚಿಗೆ ಒಂದು ಕ್ಷಣದ ಬಿಡುವಿಲ್ಲ.

ಇನ್ನೊಂದು ಕೆಲಸವೂ ಅದರ ಮೇಲಿದೆ. ಮಾಹಿತಿ ಹೋಗುವ ತಂತಿಯಲ್ಲೇ ಕ್ಯಾಮೆರಾಕ್ಕೆ ಕರೆಂಟು ಕೊಡುವುದು ಸ್ವಿಚ್ಚೇ. ಇದಕ್ಕೆ ಪಿಒಇ ಎನ್ನುತ್ತಾರೆ. 2003ರಲ್ಲಿ ಬಂದ ಮೊದಲ ಮಾನದಂಡದಲ್ಲಿ ಒಂದು ಪೋರ್ಟಿನಿಂದ 15.4 ವಾಟ್ ಕೊಡಬಹುದಿತ್ತು. 2009ರಲ್ಲಿ ಅದು 30ಕ್ಕೆ, 2018ರಲ್ಲಿ 90 ವಾಟಿಗೆ ಏರಿತು. ಕಂಬದ ಮೇಲೆ ಬೇರೆ ಪ್ಲಗ್ ಬೇಡ, ಪ್ರತಿ ಕ್ಯಾಮೆರಾಕ್ಕೂ ಅಡಾಪ್ಟರ್ ಬೇಡ. ಅನುಕೂಲ ದೊಡ್ಡದು, ಆದರೆ ಅದರೊಳಗೇ ಅಪಾಯವೂ ಇದೆ. ಸ್ವಿಚ್ ಸತ್ತರೆ ಚಿತ್ರ ಸಾಗಿಸುವ ದಾರಿಯ ಜೊತೆಗೆ ಕ್ಯಾಮೆರಾದ ಅನ್ನನೀರೂ ನಿಲ್ಲುತ್ತದೆ. ಕ್ಯಾಮೆರಾದೊಳಗೆ ಮೆಮರಿ ಕಾರ್ಡ್ ಇದ್ದರೂ ಪ್ರಯೋಜನವಿಲ್ಲ, ಕಣ್ಣೇ ಮುಚ್ಚಿಹೋಗಿರುತ್ತದೆ.

ಈ ಕರೆಂಟು 48 ವೋಲ್ಟಿನ ಆಸುಪಾಸಿನಲ್ಲಿ ಹರಿಯುವುದಕ್ಕೆ ಕಾರಣವಿದೆ. 12 ವಾಟ್ ಬೇಡುವ ಕ್ಯಾಮೆರಾಕ್ಕೆ 48 ವೋಲ್ಟಿನಲ್ಲಿ ಕಾಲು ಆಂಪಿಯರ್ ಸಾಕು. ನೂರು ಮೀಟರ್ ತಂತಿಯ ಹೋಗಿಬರುವ ದಾರಿಯ ತಡೆ 12.5 ಓಂ ಎಂದುಕೊಂಡರೆ ದಾರಿಯಲ್ಲಿ ಕಳೆಯುವುದು ಮೂರು ವೋಲ್ಟ್ ಚಿಲ್ಲರೆ. ಅದೇ 12 ವಾಟನ್ನು 12 ವೋಲ್ಟಿನಲ್ಲಿ ಕಳುಹಿಸಲು ಹೋದರೆ ಒಂದು ಆಂಪಿಯರ್ ಹರಿಯಬೇಕು, ಆಗ ದಾರಿಯಲ್ಲೇ 12.5 ವೋಲ್ಟ್ ಕಳೆಯಬೇಕು. ಕೊಟ್ಟದ್ದಕ್ಕಿಂತ ನಷ್ಟವೇ ಹೆಚ್ಚು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಒಯ್ದ ಎಂಜಿನಿಯರುಗಳು ಸಾವಿರಾರು ವೋಲ್ಟಿಗೆ ಏರಿಸಿಯೇ ಕಳುಹಿಸಿದ್ದು ಇದೇ ಲೆಕ್ಕದಿಂದ. ‘ಬರೀ 12 ವೋಲ್ಟ್ ಅಡಾಪ್ಟರ್ ಸಾಕು ಸಾರ್, ಉದ್ದಕ್ಕೆ ವೈರ್ ಎಳೀತೀನಿ’ ಎನ್ನುವ ಕೆಲಸಗಾರನಿಗೆ ಈ ಲೆಕ್ಕವನ್ನು ಒಮ್ಮೆ ತೋರಿಸಬೇಕು. ತಂತಿಯನ್ನೂ ನೋಡಬೇಕು. ಅಗ್ಗದ ಕೇಬಲ್ಲಿನ ಎಳೆಯನ್ನು ಚಾಕುವಿನಿಂದ ಕೆರೆದರೆ ತಾಮ್ರದ ಬಣ್ಣ ಹೋಗಿ ಒಳಗೆ ಬೆಳ್ಳನೆಯ ಅಲ್ಯೂಮಿನಿಯಂ ಕಾಣುತ್ತದೆ. ಅದರ ತಡೆ ತಾಮ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು.

ಈಗ ಬಿಸಿಲಿನ ವಿಷಯ. ಸಾಧಾರಣ ಸ್ವಿಚ್ಚಿನ ಕಾಗದದಲ್ಲಿ ‘ಸೊನ್ನೆಯಿಂದ 40 ಡಿಗ್ರಿ’ ಎಂದೋ ‘45 ಡಿಗ್ರಿ’ ಎಂದೋ ಬರೆದಿರುತ್ತದೆ. ಅದು ಸ್ವಿಚ್ಚಿನ ಸುತ್ತಲಿನ ಗಾಳಿಯ ಲೆಕ್ಕ. ಹೊರಗೆ 40 ಡಿಗ್ರಿ ಇದ್ದಾಗ ಬಿಸಿಲಿಗೆ ಮೈಯೊಡ್ಡಿದ ಮುಚ್ಚಿದ ಲೋಹದ ಡಬ್ಬಿಯೊಳಗೆ ಸುಲಭವಾಗಿ ಇನ್ನೂ 15ರಿಂದ 20 ಡಿಗ್ರಿ ಏರುತ್ತದೆ. ಸ್ವಿಚ್ ತಾನೇ ಹೊರಬಿಡುವ ಬಿಸಿ ಅದಕ್ಕೆ ಸೇರಬೇಕು. ಅರವತ್ತು ದಾಟಿದ ಆ ಬಿಸಿಯಲ್ಲಿ ಮೊದಲು ಸೋಲುವುದು ವಿದ್ಯುತ್ ಭಾಗದ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು. ಪುಟ್ಟ ಡಬರಿಯಾಕಾರದ ಇವುಗಳೊಳಗೆ ಒದ್ದೆ ರಾಸಾಯನಿಕ ಇರುತ್ತದೆ, ಬಿಸಿಗೆ ಅದು ಆರುತ್ತಾ ಹೋಗುತ್ತದೆ. ಪ್ರತಿ 10 ಡಿಗ್ರಿ ಏರಿಕೆಗೆ ಕೆಪಾಸಿಟರಿನ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳು ಒಪ್ಪಿಕೊಂಡ ಸ್ಥೂಲ ಲೆಕ್ಕ. 40 ಡಿಗ್ರಿಯಲ್ಲಿ ಎಂಟು ವರ್ಷ ಬಾಳಬೇಕಾದದ್ದು 60 ಡಿಗ್ರಿಯಲ್ಲಿ ಎರಡು ವರ್ಷ ಬಾಳಿದರೆ ಅದೇ ದೊಡ್ಡದು. ಹೀಗೆ ಸಾಯುವ ಸ್ವಿಚ್ ಒಂದೇ ಏಟಿಗೆ ಸಾಯುವುದಿಲ್ಲ. ಮಧ್ಯಾಹ್ನ ಮೂರಕ್ಕೆ ನಿಂತು, ಸಂಜೆ ತಂಪಾದ ಮೇಲೆ ತಾನೇ ಎದ್ದು, ಮರುದಿನ ಮತ್ತೆ ನಿಲ್ಲುತ್ತದೆ. ಯಾರಾದರೂ ಬಂದು ನೋಡುವ ಹೊತ್ತಿಗೆ ಸರಿಯಾಗಿಯೇ ಇರುತ್ತದೆ.

ಹಾಗಾದರೆ ಡಬ್ಬಿಗೆ ರಂಧ್ರ ಕೊರೆದು ಗಾಳಿ ಆಡಲು ಬಿಡಬಹುದಲ್ಲ? ಬಿಟ್ಟರೆ ಧೂಳು ಬರುತ್ತದೆ. ಎಣ್ಣೆ ಗಿರಣಿಯ ಅಂಗಳದಲ್ಲಂತೂ ಶೇಂಗಾ ಹೊಟ್ಟಿನ ನಯವಾದ ಪುಡಿ ಗಾಳಿಯಲ್ಲೇ ತೇಲುತ್ತಿರುತ್ತದೆ. ಜಿಡ್ಡಿನ ಜೊತೆ ಸೇರಿ ಅದು ಫ್ಯಾನಿನ ರೆಕ್ಕೆಗೆ, ಸರ್ಕ್ಯೂಟ್ ಹಲಗೆಗೆ ಮೆತ್ತಿಕೊಂಡರೆ ಊದಿದರೂ ಹೋಗುವುದಿಲ್ಲ. ಡಬ್ಬಿ ಮುಚ್ಚಿದರೆ ಬೇಯುತ್ತದೆ, ತೆರೆದರೆ ಮೆತ್ತಿಕೊಳ್ಳುತ್ತದೆ. ಈ ಇಕ್ಕಟ್ಟಿನಿಂದ ಪಾರಾಗಲು ಇರುವ ದಾರಿ ಒಂದೇ: ಡಬ್ಬಿಯನ್ನು ಪೂರ್ತಿ ಮುಚ್ಚಬೇಕು, ಒಳಗಿನ ಸ್ವಿಚ್ಚೇ ಆ ಬಿಸಿಯನ್ನು ತಾಳುವಂತಿರಬೇಕು. ಕೈಗಾರಿಕಾ ದರ್ಜೆಯ ಗಟ್ಟಿ ಸ್ವಿಚ್ ಎನ್ನುವುದು ಇದಕ್ಕೇ. ಅದರಲ್ಲಿ ಫ್ಯಾನ್ ಇರುವುದಿಲ್ಲ. ಬಿಸಿಯಾಗುವ ಚಿಪ್ಪುಗಳನ್ನು ನೇರವಾಗಿ ಅಲ್ಯೂಮಿನಿಯಂ ಮೈಗೆ ತಾಗಿಸಿರುತ್ತಾರೆ, ಆ ಮೈಯ ಮೇಲಿನ ಏಣುಗಳು ಬಿಸಿಯನ್ನು ಹೊರಗೆ ಬಿಡುತ್ತವೆ. ಕೆಪಾಸಿಟರುಗಳು ಹೆಚ್ಚು ತಾಪ ತಡೆಯುವ ಜಾತಿಯವು. ಇಂಥವುಗಳ ಕಾಗದದಲ್ಲಿ ಮೈನಸ್ 40ರಿಂದ 75 ಡಿಗ್ರಿ ಎಂದು ಬರೆದಿರುತ್ತದೆ. ಮೈನಸ್ 40 ನಮಗೆ ಬೇಕಾಗಿಲ್ಲ. 75 ಖಂಡಿತ ಬೇಕು.

ಚಳ್ಳಕೆರೆಯ ಸುತ್ತ ಕ್ಯಾಮೆರಾ ಹಾಕುವ ಕೆಲಸ ಮಾಡುವ ಯುವಕನೊಬ್ಬ ನನ್ನೆದುರು ಇಂಥದ್ದೊಂದು ಡಬ್ಬಿ ತೆರೆದಿದ್ದ. ಬಾಗಿಲು ಎಳೆದ ಕೂಡಲೇ ಕೆಂಪು ಧೂಳು ಜರಿಯಿತು. ಮೂಲೆಯಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು, ಅದರ ಪಕ್ಕ ಒಡೆದ ಎರಡು ಹಲ್ಲಿಮೊಟ್ಟೆಯ ಸಿಪ್ಪೆ. ತಳದಲ್ಲಿ ತಂತಿ ಒಳಬರಲು ಕೊರೆದ ರಂಧ್ರಕ್ಕೆ ರಬ್ಬರಿನ ಬಿಗಿಪಟ್ಟಿ ಇರಲಿಲ್ಲ, ಬಟ್ಟೆಚೂರು ತುರುಕಿದ್ದರು. ಮನೆಯಲ್ಲಿ ಟಿವಿಗೆ ಬಳಸುವಂಥ ಎಕ್ಸ್‌ಟೆನ್ಶನ್ ಬೋರ್ಡು, ಅದಕ್ಕೆ ಸಿಕ್ಕಿಸಿದ ಅಡಾಪ್ಟರ್ ಬಿದ್ದುಹೋಗದಂತೆ ಸುತ್ತಿದ ಕಪ್ಪು ಟೇಪು. ಬಿಸಿಗೆ ಟೇಪಿನ ಅಂಟು ಕರಗಿ ಇಳಿದಿತ್ತು. ಸ್ವಿಚ್ ಬಿಚ್ಚಿ ಹಲಗೆ ತೋರಿಸಿದ. ಮೂರು ಕೆಪಾಸಿಟರುಗಳ ನೆತ್ತಿ ಉಬ್ಬಿ, ಒಂದರ ಬುಡದಲ್ಲಿ ಕಂದು ಬಣ್ಣದ ಕಲೆ ಹಬ್ಬಿತ್ತು. ‘ಕ್ಯಾಮೆರಾ ಹೋಗೈತೆ ಬಾರಪ್ಪ ಅಂತ ಫೋನ್ ಮಾಡ್ತಾರೆ ಸಾರ್. ಬಂದು ನೋಡಿದ್ರೆ ಕ್ಯಾಮೆರಾ ಗಟ್ಟಿಯಾಗೇ ಇರ್ತೈತೆ, ಡಬ್ಬಿ ಸತ್ತಿರ್ತೈತೆ. ಒಳ್ಳೇದು ಹಾಕ್ಸಿ ಅಂದ್ರೆ ರೇಟ್ ಜಾಸ್ತಿ ಅಂತಾರೆ’ ಎಂದ. ಅವನ ಮಾತಿನಲ್ಲಿ ದೂರಿಗಿಂತ ದಣಿವು ಹೆಚ್ಚಿತ್ತು.

ರೇಟು ಜಾಸ್ತಿ ಎಂಬುದು ನಿಜ. ಗಟ್ಟಿ ಸ್ವಿಚ್ಚಿನ ಬೆಲೆ ಮೇಜಿನ ಸ್ವಿಚ್ಚಿಗಿಂತ ಹಲವು ಪಟ್ಟು. ಆದರೆ ಏಣಿ ತರಿಸಿ, ಇಬ್ಬರನ್ನು ಕರೆಸಿ, ಎರಡು ವರ್ಷಕ್ಕೊಮ್ಮೆ ಬದಲಿಸುವ ಖರ್ಚನ್ನೂ, ಆ ನಡುವೆ ಕುರುಡಾಗಿ ಕಳೆದ ವಾರಗಳನ್ನೂ ಲೆಕ್ಕಕ್ಕೆ ಹಿಡಿದರೆ ಅಗ್ಗದ್ದೇ ದುಬಾರಿ. ಕೈಯಲ್ಲಿ ಅಷ್ಟು ಹಣವಿಲ್ಲದವರೂ ಮಾಡಬಹುದಾದ ಕೆಲಸಗಳಿವೆ. ಡಬ್ಬಿಯನ್ನು ಕಂಬದ ಪಡುವಣ ಮುಖಕ್ಕೆ ಕಟ್ಟಬಾರದು, ಮಧ್ಯಾಹ್ನದ ಮೇಲಿನ ಬಿಸಿಲು ನೇರ ಅಲ್ಲಿಗೇ ಬಡಿಯುತ್ತದೆ. ಬಣ್ಣ ಬಿಳಿಯಾಗಿರಲಿ. ಡಬ್ಬಿಯ ಮೇಲೆ ನಾಲ್ಕು ಬೆರಳು ಜಾಗ ಬಿಟ್ಟು ಇನ್ನೊಂದು ತಗಡಿನ ಚಾವಣಿ ಕೂರಿಸಿದರೆ ನೇರ ಬಿಸಿಲು ತಗಡಿಗೆ ಬಿದ್ದು, ನಡುವಿನ ಗಾಳಿ ಬಿಸಿಯನ್ನು ಕೊಂಡೊಯ್ಯುತ್ತದೆ. ಡಬ್ಬಿಯ ಮೇಲೆ ಐಪಿ66 ಅಥವಾ ಐಪಿ67 ಎಂಬ ಗುರುತು ನೋಡಿ ಕೊಳ್ಳಬೇಕು. ಮೊದಲ 6 ಎಂದರೆ ಧೂಳು ಒಳಗೆ ಬಾರದು ಎಂದರ್ಥ. ಎರಡನೆಯ ಅಂಕಿ ನೀರಿನದು, 7 ಇದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೂ ಕೆಡುವುದಿಲ್ಲ. ಅಂಥ ಡಬ್ಬಿಗೆ ನಾವೇ ಡ್ರಿಲ್ ಹಿಡಿದು ಇನ್ನೊಂದು ತೂತು ಹಾಕಿದರೆ ಆ ಗುರುತಿಗೆ ಬೆಲೆಯೇ ಇಲ್ಲ.

ಬಿಸಿಲು ನಿಧಾನವಾಗಿ ಕೊಲ್ಲುತ್ತದೆ, ಸಿಡಿಲು ಒಂದೇ ಕ್ಷಣದಲ್ಲಿ ಕೊಲ್ಲುತ್ತದೆ. ಬಯಲುಸೀಮೆಗೆ ಮಳೆ ಕಡಿಮೆ ಇರಬಹುದು. ಮುಂಗಾರಿಗೆ ಮುಂಚಿನ ಅಡ್ಡಮಳೆಗಳು ಮಾತ್ರ ಗುಡುಗು ಸಿಡಿಲಿನ ಜೊತೆಗೇ ಬರುತ್ತವೆ. ಮರವಿಲ್ಲದ ಬಯಲಿನಲ್ಲಿ ಎತ್ತರದ ವಸ್ತು ಎಂದರೆ ಆ ಕ್ಯಾಮೆರಾ ಕಂಬವೇ. ಸಿಡಿಲು ನೇರ ಕಂಬಕ್ಕೇ ಬೀಳಬೇಕಾಗಿಲ್ಲ. ಹತ್ತಿರದಲ್ಲಿ ಬಿದ್ದರೂ ಉದ್ದದ ತಾಮ್ರದ ತಂತಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ತಂತಿಯ ಎರಡೂ ತುದಿಯ ಉಪಕರಣಗಳು ಒಟ್ಟಿಗೇ ಸುಡುತ್ತವೆ. ಗಟ್ಟಿ ಸ್ವಿಚ್ಚುಗಳ ಪ್ರತಿ ಪೋರ್ಟಿನಲ್ಲೂ ಇಂಥ ಏಟನ್ನು ಪಕ್ಕಕ್ಕೆ ತಿರುಗಿಸಿ ಭೂಮಿಗೆ ಇಳಿಸುವ ಭಾಗವಿರುತ್ತದೆ. ಪಕ್ಕಕ್ಕೆ ತಿರುಗಿಸಿದ್ದು ಇಳಿಯಲು ಭೂಮಿ ಬೇಕಲ್ಲ! ಇಲ್ಲಿಯೇ ಚಳ್ಳಕೆರೆಯ ಮಣ್ಣಿನ ಪ್ರಶ್ನೆ ಬರುತ್ತದೆ.

ಒಣ ಮಣ್ಣು ವಿದ್ಯುತ್ತನ್ನು ಸುಲಭವಾಗಿ ಒಯ್ಯುವುದಿಲ್ಲ. ಮಲೆನಾಡಿನಲ್ಲಿ ಒಂದು ಸಲಾಕೆ ಬಡಿದರೆ ಸಿಗುವ ಅರ್ಥಿಂಗ್, ಬೇಸಿಗೆಯ ಮೊಳಕಾಲ್ಮೂರಿನ ಕಲ್ಲುಮಿಶ್ರಿತ ಕೆಮ್ಮಣ್ಣಿನಲ್ಲಿ ಸಿಗುವುದಿಲ್ಲ. ಗುಂಡಿ ಆಳವಾಗಿರಬೇಕು, ಸಲಾಕೆಯ ಸುತ್ತ ಇದ್ದಿಲು ಉಪ್ಪು ಪದರ ಪದರವಾಗಿ ತುಂಬಬೇಕು, ಇಲ್ಲವೇ ತೇವ ಹಿಡಿದಿಡುವ ಬೆಂಟೊನೈಟ್ ಜೇಡಿ ಹಾಕಬೇಕು. ತಡೆ 5 ಓಂ ಒಳಗಿರಲಿ ಎಂಬುದು ಕೆಲಸ ಬಲ್ಲವರ ರೂಢಿಯ ಲೆಕ್ಕ. ಹಾಕಿದ ದಿನ ಅಳೆದು ಬರೆದಿಟ್ಟರೆ ಸಾಲದು. ಅದು ಮಳೆಗಾಲದ ಅಂಕಿಯಾಗಿದ್ದರೆ ಏಪ್ರಿಲಿನಲ್ಲಿ ಎಷ್ಟೋ ಪಟ್ಟು ಏರಿರುತ್ತದೆ. ಸಿಡಿಲು ಬರುವುದು ಆ ಒಣಗಿದ ಏಪ್ರಿಲ್, ಮೇ ತಿಂಗಳಲ್ಲೇ. ಹಳೆಯ ಕಾಲದ ವೈರ್‌ಮನ್‌ಗಳು ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ಬಿಂದಿಗೆ ನೀರು ಸುರಿಯುವುದನ್ನು ಕಂಡವರಿಗೆ ಅದರ ಅರ್ಥ ಗೊತ್ತು. ಎರಡು ಲಕ್ಷದ ಕ್ಯಾಮೆರಾ ವ್ಯವಸ್ಥೆಯನ್ನು ಎರಡು ಬಿಂದಿಗೆ ನೀರು ಉಳಿಸಬಲ್ಲದು. ಟೆಂಡರ್ ಕಾಗದದಲ್ಲಿ ಆ ಸಾಲು ನನಗೆ ಇನ್ನೂ ಕಾಣಸಿಕ್ಕಿಲ್ಲ.

ಸಿಡಿಲಿನಿಂದ ಪಾರಾಗಲು ಇನ್ನೂ ಭದ್ರವಾದ ದಾರಿ ತಾಮ್ರವನ್ನೇ ಬಿಡುವುದು. ಗಾಜಿನ ಎಳೆಯಲ್ಲಿ ಬೆಳಕನ್ನು ದೂರ ಕಳುಹಿಸಬಹುದು ಎಂದು ಚಾರ್ಲ್ಸ್ ಕಾವೊ 1966ರಲ್ಲಿ ತೋರಿಸಿಕೊಟ್ಟರು, ಅದಕ್ಕೆ 2009ರಲ್ಲಿ ನೊಬೆಲ್ ಬಂತು. ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲವಾದ್ದರಿಂದ ಒಂದು ಕಂಬದ ಸಿಡಿಲು ಇನ್ನೊಂದು ಕಂಬಕ್ಕೆ ದಾಟುವುದಿಲ್ಲ. ತಾಮ್ರದ ಇಥರ್‌ನೆಟ್ ತಂತಿಗೆ ನೂರು ಮೀಟರಿನ ಮಿತಿ ಇದೆ, ಗಾಜಿನ ಎಳೆ ಹತ್ತಿಪ್ಪತ್ತು ಕಿಲೊಮೀಟರ್ ಸಲೀಸಾಗಿ ಹೋಗುತ್ತದೆ.

ನೂರು ಮೀಟರ್ ಎಷ್ಟು ಕಡಿಮೆ ಎಂದು ತಿಳಿಯಲು ನಾಯಕನಹಟ್ಟಿಗೆ ಹೋಗಬೇಕು. ಚಳ್ಳಕೆರೆ ತಾಲ್ಲೂಕಿನ ಈ ಊರಿನ ತಿಪ್ಪೇರುದ್ರಸ್ವಾಮಿ ಜಾತ್ರೆ ಮಧ್ಯ ಕರ್ನಾಟಕದ ದೊಡ್ಡ ಜಾತ್ರೆಗಳಲ್ಲೊಂದು. ಫಾಲ್ಗುಣದ ಬಿಸಿಲಿನಲ್ಲಿ ಲಕ್ಷಾಂತರ ಜನ ಸೇರುತ್ತಾರೆ. ಊರೊಳಗೆ ಒಳಮಠ, ಊರಾಚೆ ಹೊರಮಠ, ನಡುವೆ ತೇರಿನ ಬೀದಿ. ರಥ ಎಳೆಯುವ ಮುಂಚೆ ಮುಕ್ತಿ ಬಾವುಟ ಹರಾಜಾಗುತ್ತದೆ, ಆ ಹೊತ್ತಿನ ನೂಕುನುಗ್ಗಲಿನಲ್ಲಿ ಮಗು ಕೈತಪ್ಪುವುದೂ ಸರ ಕಳೆದುಹೋಗುವುದೂ ಕ್ಷಣದ ಕೆಲಸ. ಇಲ್ಲಿ ಬೀದಿಯುದ್ದಕ್ಕೂ ಕ್ಯಾಮೆರಾ ಇಡಬೇಕೆಂದರೆ ಕಂಬದಿಂದ ಕಂಬಕ್ಕೆ ಗಾಜಿನ ಎಳೆಯನ್ನೇ ಎಳೆಯಬೇಕು. ಸಾಲಾಗಿ ಎಳೆದರೆ ಸಾಲದು. ನಡುವೆ ಒಂದು ಕಡೆ ಕಬ್ಬಿನ ಹಾಲಿನ ಗಾಡಿಯೋ ಜೋಕಾಲಿಯ ಗೂಟವೋ ಕೇಬಲ್ ಕತ್ತರಿಸಿದರೆ ಆಚೆಗಿನ ಕಂಬಗಳೆಲ್ಲ ಕುರುಡಾಗುತ್ತವೆ. ಕೊನೆಯ ಕಂಬದಿಂದ ಇನ್ನೊಂದು ಬೀದಿಯ ಮೂಲಕ ಮೊದಲ ಕಂಬಕ್ಕೆ ಮರಳಿ ತಂದು ಬಳೆಯಾಕಾರದಲ್ಲಿ ಕೂಡಿಸಬೇಕು. ಆಗ ಒಂದು ಕಡೆ ಕಡಿದರೂ ಚಿತ್ರ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ.

ಆದರೆ ಅಗ್ಗದ ಸ್ವಿಚ್ಚುಗಳನ್ನು ಹೀಗೆ ಬಳೆಯಾಗಿ ಕೂಡಿಸಿದರೆ ಅನಾಹುತ. ಎಲ್ಲರಿಗೂ ಎಂದು ಹೊರಟ ಒಂದು ಕಂತೆ ಕೊನೆಯಿಲ್ಲದೆ ಸುತ್ತುತ್ತಾ, ಸುತ್ತಿದಷ್ಟೂ ಹೆಚ್ಚುತ್ತಾ, ಕ್ಷಣದಲ್ಲಿ ಇಡೀ ಜಾಲವನ್ನು ಕಟ್ಟಿಹಾಕುತ್ತದೆ. 1985ರಲ್ಲಿ ರೇಡಿಯಾ ಪರ್ಲ್‌ಮನ್ ಎಂಬ ವಿಜ್ಞಾನಿ ಇದಕ್ಕೊಂದು ಪರಿಹಾರ ಕಂಡುಹಿಡಿದರು. ಸ್ವಿಚ್ಚುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಂದು ದಾರಿಯನ್ನು ಮುಚ್ಚಿಡುತ್ತವೆ, ಬೇಕಾದಾಗ ತೆರೆಯುತ್ತವೆ. ಆ ಹಳೆಯ ವಿಧಾನಕ್ಕೆ ದಾರಿ ಬದಲಿಸಲು ಅರ್ಧ ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿತ್ತು. ಈಗಿನ ಗಟ್ಟಿ ಸ್ವಿಚ್ಚುಗಳಲ್ಲಿರುವ ಬಳೆ ವ್ಯವಸ್ಥೆಗೆ 50 ಮಿಲಿಸೆಕೆಂಡ್ ಸಾಕು. ಕೈತಪ್ಪಿದ ಮಗುವನ್ನು ಪರದೆಯ ಮೇಲೆ ಹುಡುಕುತ್ತಿರುವ ಪೊಲೀಸಿನವನಿಗೆ ಕೇಬಲ್ ಕಡಿದದ್ದು ಗೊತ್ತೂ ಆಗುವುದಿಲ್ಲ.

ಜಾತ್ರೆಯಲ್ಲೂ ಊರಿನಲ್ಲೂ ಕೆಲಸಗಾರರನ್ನು ಹೆಚ್ಚು ದಿಕ್ಕು ತಪ್ಪಿಸುವ ದೋಷ ಇನ್ನೊಂದಿದೆ. ಹಗಲೆಲ್ಲ ಚೆನ್ನಾಗಿ ಕಾಣುವ ಕ್ಯಾಮೆರಾಗಳಲ್ಲಿ ಒಂದೆರಡು ಸೂರ್ಯ ಮುಳುಗುತ್ತಿದ್ದಂತೆ ಆರಿಹೋಗುತ್ತವೆ, ಬೆಳಗಾದರೆ ಮತ್ತೆ ಬರುತ್ತವೆ. ಹಗಲು ಐದು ವಾಟಿನಲ್ಲಿ ನಡೆಯುವ ಕ್ಯಾಮೆರಾ ಕತ್ತಲಾದಾಗ ತನ್ನ ಇನ್‌ಫ್ರಾರೆಡ್ ದೀಪ ಹೊತ್ತಿಸಿಕೊಂಡು ಹತ್ತು ಹನ್ನೆರಡು ವಾಟ್ ಬೇಡುತ್ತದೆ. ಎಂಟು ಪೋರ್ಟಿನ ಸ್ವಿಚ್ಚಿನಲ್ಲಿ ಪ್ರತಿ ಪೋರ್ಟಿಗೆ 30 ವಾಟ್ ಎಂದು ಬರೆದಿರುತ್ತದೆ, ಆದರೆ ಎಲ್ಲಕ್ಕೂ ಸೇರಿ 60 ವಾಟ್ ಮಾತ್ರ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿರುತ್ತದೆ. ಎಂಟು ಕ್ಯಾಮೆರಾಗಳು ರಾತ್ರಿ ಒಟ್ಟಿಗೆ 90 ವಾಟ್ ಕೇಳಿದಾಗ ಸ್ವಿಚ್ ಒಂದೆರಡನ್ನು ಕೈಬಿಡುತ್ತದೆ. ಕಳ್ಳ ಬರುವ ಹೊತ್ತೂ ಅದೇ. ಕೊಳ್ಳುವಾಗ ಕೇಳಬೇಕಾದ್ದು ಈ ಒಟ್ಟು ಲೆಕ್ಕವನ್ನು, ಅದೂ ರಾತ್ರಿಯ ಬಳಕೆಯ ಮೇಲೆ.

ಕರೆಂಟೇ ಇಲ್ಲದ ಜಾಗಗಳೂ ಇವೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ಶಾಸನ ಬರೆದ ಚಪಡ ಬ್ರಾಹ್ಮಿಯಲ್ಲಿ ಎಲ್ಲವನ್ನೂ ಬರೆದು, ಲಿಪಿಕಾರ ಎಂಬ ತನ್ನ ಗುರುತನ್ನು ಮಾತ್ರ ವಾಯವ್ಯ ಗಡಿನಾಡಿನ ಖರೋಷ್ಠಿ ಲಿಪಿಯಲ್ಲಿ ಹಾಕಿದ್ದಾನೆ. ಇಂಥ ಬಂಡೆ ಭಾರತದಲ್ಲಿ ಎಷ್ಟಿವೆ? ಚಿತ್ರದುರ್ಗ ಜಿಲ್ಲೆಯ ಹಳೆಯ ಗುಡಿ, ಬೆಟ್ಟಗಳಿಗೆ ನಿಧಿಗಳ್ಳರ ಕಾಟ ಹೊಸದಲ್ಲ. ಕಾವಲುಗಾರನ ಜೊತೆಗೆ ಒಂದು ಕ್ಯಾಮೆರಾ ಕಂಬವೂ ಇರಲಿ ಎಂದು ನನಗೆ ಬಹಳ ಅನ್ನಿಸಿದೆ.

ಅದು ಆಗುವ ಕೆಲಸವೇ? ಲೆಕ್ಕ ಹಾಕೋಣ. ಎರಡು ಕ್ಯಾಮೆರಾಕ್ಕೆ 20 ವಾಟ್, ಸ್ವಿಚ್ಚಿಗೆ 8 ವಾಟ್, ಒಟ್ಟು 28. ದಿನವಿಡೀ ನಡೆದರೆ 672 ವಾಟ್-ಅವರ್. ಮನೆಯ ಇನ್ವರ್ಟರಿಗೆ ಹಾಕುವ 150 ಆಂಪಿಯರ್-ಅವರ್ ಬ್ಯಾಟರಿ ತುಂಬಿದಾಗ ಹಿಡಿಯುವುದು 1800. ಬಾಳಿಕೆ ಬರಬೇಕಾದರೆ ಅರ್ಧವನ್ನಷ್ಟೇ ಬಳಸಬೇಕು, ಅಂದರೆ 900. ಬಿಸಿಲಿಲ್ಲದ ಒಂದೂಕಾಲು ದಿನವನ್ನು ಅದು ದಾಟಿಸುತ್ತದೆ. ದಿನಕ್ಕೆ ಐದು ಗಂಟೆಯ ಪೂರ್ಣ ಬಿಸಿಲು, ನಷ್ಟಕ್ಕೆಂದು ನೂರಕ್ಕೆ ಮೂವತ್ತು ಭಾಗ ಕಳೆದರೆ 200 ವಾಟಿನ ಸೌರ ಫಲಕ ಹೇಗೋ ಸರಿದೂಗುತ್ತದೆ, ಮೋಡದ ದಿನಗಳಿಗೆಂದು ಎರಡು ಫಲಕ ಇಡುವುದು ಜಾಣತನ. ಸ್ವಿಚ್ಚನ್ನು ಕೊಲ್ಲುವ ಬಿಸಿಲು ಇಲ್ಲಿ ಅದಕ್ಕೆ ಅನ್ನವನ್ನೂ ಕೊಡುತ್ತದೆ. ಚಿತ್ರ ಕೆಳಗಿಳಿಸಲು ಕೇಬಲ್ ಬೇಡ, ಬೆಟ್ಟದ ತುದಿಯಿಂದ ಊರು ನೇರ ಕಾಣುವುದರಿಂದ 5 ಗಿಗಾಹರ್ಟ್ಸಿನ ರೇಡಿಯೊ ಜೋಡಿ ಸಾಕು, ಅದರ ಕರೆಂಟನ್ನೂ ಮೇಲಿನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು ಅಷ್ಟೆ. ಹನ್ನೆರಡು ವೋಲ್ಟಿನ ಬ್ಯಾಟರಿಯಿಂದಲೇ ನೇರವಾಗಿ ನಡೆದು, ಕ್ಯಾಮೆರಾಕ್ಕೆ ತಾನೇ 48ಕ್ಕೆ ಏರಿಸಿ ಕೊಡುವ ಗಟ್ಟಿ ಸ್ವಿಚ್ಚುಗಳಿವೆ. ಕ್ಯಾಮೆರಾ ಉತ್ತರಿಸದೆ ಹೋದರೆ ಅದರ ಕರೆಂಟನ್ನು ತಾನೇ ಕಿತ್ತು ಮತ್ತೆ ಕೊಡುವ ಗುಣವೂ ಅವುಗಳಲ್ಲಿ ಇರುತ್ತದೆ. ಪ್ರತಿ ಸಲ ಕರಡಿ ಓಡಾಡುವ ಬೆಟ್ಟ ಹತ್ತಿ ಪ್ಲಗ್ ಕಿತ್ತು ಹಾಕುವ ಕೆಲಸ ತಪ್ಪುತ್ತದೆ. ಒಂದು ಎಚ್ಚರ: ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ನಿಷಿದ್ಧ ವಲಯ. ಪುರಾತತ್ವ ಇಲಾಖೆಯನ್ನು ಕೇಳದೆ ಅಲ್ಲಿ ಗುಂಡಿ ತೋಡುವಂತಿಲ್ಲ, ಅರ್ಥಿಂಗ್ ಗುಂಡಿಯನ್ನೂ ಸಹ.

ಬಯಲಿನ ಕಂಬದ ಡಬ್ಬಿಗೆ ಇನ್ನೂ ಒಂದು ಅಪಾಯವಿದೆ. ಬೀಗ ಒಡೆದು ಖಾಲಿ ಪೋರ್ಟಿಗೆ ತಂತಿ ಸಿಕ್ಕಿಸಿದವನು ಇಡೀ ಜಾಲದ ಒಳಗಿರುತ್ತಾನೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ತಯಾರಕರು ಇಟ್ಟ ಪಾಸ್‌ವರ್ಡನ್ನೇ ಬದಲಿಸದ ಲಕ್ಷಾಂತರ ಕ್ಯಾಮೆರಾ, ಡಿವಿಆರ್‌ಗಳನ್ನು ವಶಪಡಿಸಿಕೊಂಡು, ಅಕ್ಟೋಬರ್ 21ರಂದು ಅಮೆರಿಕದ ದೊಡ್ಡ ದೊಡ್ಡ ಜಾಲತಾಣಗಳನ್ನು ಗಂಟೆಗಟ್ಟಲೆ ನಿಲ್ಲಿಸಿತ್ತು. ಭಾರತ ಸರ್ಕಾರ 2024ರ ಏಪ್ರಿಲ್ 9ರ ಅಧಿಸೂಚನೆಯಲ್ಲಿ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿ, ಒಂದು ವರ್ಷದ ಬಳಿಕ ಜಾರಿಗೆ ತಂದಿತು. ನಿಯಮ ಕ್ಯಾಮೆರಾವನ್ನು ನೋಡಿತು, ಕಂಬದ ಡಬ್ಬಿ ಇಲ್ಲೂ ನಮ್ಮ ಎಚ್ಚರಕ್ಕೇ ಬಿಟ್ಟದ್ದು. ಬಳಸದ ಪೋರ್ಟುಗಳನ್ನು ಮುಚ್ಚಿಡುವುದು, ಗೊತ್ತಿಲ್ಲದ ಉಪಕರಣ ಸಿಕ್ಕಿಸಿದರೆ ಆ ಪೋರ್ಟೇ ಬೀಗ ಹಾಕಿಕೊಳ್ಳುವುದು, ಕ್ಯಾಮೆರಾ ಜಾಲವನ್ನು ಪಂಚಾಯಿತಿಯ ಕಚೇರಿ ಜಾಲದಿಂದ ಬೇರೆ ಇಡುವುದು, ಇವೆಲ್ಲ ನಿರ್ವಹಣೆಗೆ ಒಗ್ಗುವ ಸ್ವಿಚ್ಚುಗಳಲ್ಲಿ ಸಾಧ್ಯ. ಬೀದಿಯ ಕ್ಯಾಮೆರಾ ಸೆರೆಹಿಡಿಯುವುದು ಕಳ್ಳನನ್ನಷ್ಟೇ ಅಲ್ಲ, ನೀರಿಗೆ ಹೋಗುವ ಹೆಣ್ಣುಮಕ್ಕಳನ್ನು, ಕುರಿ ಹೊಡೆದುಕೊಂಡು ಹೋಗುವ ಹುಡುಗರನ್ನು ಕೂಡ. ಅವರ ಚಿತ್ರ ಯಾರ ಕೈಗೂ ಸಿಗದಂತೆ ಕಾಯುವುದು ಕ್ಯಾಮೆರಾ ಹಾಕಿದವರ ಹೊಣೆ.

ಹೊಣೆಯ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಒಂದು ಒಳ್ಳೆಯ ದಾರಿ ತೋರಿಸಿದೆ. ಪ್ರತಿ ಪೊಲೀಸ್ ಠಾಣೆಯಲ್ಲಿ ಕ್ಯಾಮೆರಾ ಇರಬೇಕು ಎಂದಷ್ಟೇ ಹೇಳಿ ನ್ಯಾಯಾಲಯ ಸುಮ್ಮನಾಗಲಿಲ್ಲ. ಕರೆಂಟ್ ಇಲ್ಲದ ಕಡೆ ಸೌರ ಅಥವಾ ಪವನ ವಿದ್ಯುತ್ತಿನಿಂದಾದರೂ ಒದಗಿಸಿ ಎಂದಿತು. ಕ್ಯಾಮೆರಾ ನಡೆಯುವುದಕ್ಕೆ, ರಿಪೇರಿಗೆ, ದೃಶ್ಯ ಉಳಿಸುವುದಕ್ಕೆ ಠಾಣಾಧಿಕಾರಿಯೇ ಹೊಣೆ ಎಂದು ಹುದ್ದೆ ಹೆಸರಿಸಿ ಹೇಳಿತು. ಊರಬಾಗಿಲಿನ ಕಂಬಕ್ಕೆ ಅಂಥ ಹೆಸರಿಲ್ಲ. ಕ್ಯಾಮೆರಾ ದಾನ ಮಾಡಿದವರು ಒಬ್ಬರು, ಹಾಕಿದವರು ಇನ್ನೊಬ್ಬರು, ಕರೆಂಟ್ ಬಿಲ್ ಕಟ್ಟುವವರು ಮತ್ತೊಬ್ಬರು. ಕೆಟ್ಟಾಗ ಯಾರಿಗೆ ಹೇಳಬೇಕೆಂದೇ ತಿಳಿಯದು.

ಚಳ್ಳಕೆರೆ ಸೀಮೆಯ ಯಾವುದೇ ಪಂಚಾಯಿತಿ, ಮಠ, ಗಿರಣಿ ಕ್ಯಾಮೆರಾ ಹಾಕಿಸುವಾಗ ಒಪ್ಪಂದದಲ್ಲಿ ನಾಲ್ಕು ಸಾಲು ಹೆಚ್ಚಿಗೆ ಬರೆಸಲಿ: ಸ್ವಿಚ್ 75 ಡಿಗ್ರಿ ತಾಳಬೇಕು, ರಾತ್ರಿಯ ಬಳಕೆಗಿಂತ ಕಾಲುಭಾಗ ಹೆಚ್ಚು ವಿದ್ಯುತ್ ಕೊಡಬೇಕು, ಅರ್ಥಿಂಗನ್ನು ಮಾರ್ಚ್ ತಿಂಗಳಲ್ಲಿ ಅಳೆದು ತೋರಿಸಬೇಕು, ವರ್ಷಕ್ಕೆ ಎರಡು ಸಲ ಡಬ್ಬಿ ತೆರೆದು ಒರೆಸಬೇಕು. ಅದರಲ್ಲಿ ಒಂದು ಸಲ ನಾಯಕನಹಟ್ಟಿ ಜಾತ್ರೆಗೆ ಮುಂಚೆ, ಇನ್ನೊಂದು ಸಲ ದಸರೆಯ ಆಯುಧಪೂಜೆಯ ಹೊತ್ತಿಗೆ. ಗಿರಣಿಯ ಯಂತ್ರಗಳಿಗೂ ಟ್ರ್ಯಾಕ್ಟರಿಗೂ ಕುಂಕುಮ ಹಚ್ಚುವ ದಿನ ಈ ಡಬ್ಬಿಯ ಬಾಗಿಲೂ ತೆರೆಯಲಿ. ಬಾಗಿಲಿನ ಒಳಮೈಗೆ ಒಂದು ಕಾಗದ ಅಂಟಿಸಿ, ಕೊನೆಯ ಸಲ ತೆರೆದ ದಿನಾಂಕ, ಆ ದಿನದ ಅರ್ಥಿಂಗ್ ಅಂಕಿ, ತೆರೆದವನ ಸಹಿ, ಫೋನ್ ಮಾಡಬೇಕಾದ ಸಂಖ್ಯೆ ಬರೆದಿಡಲಿ.